ತೀರ್ಮಾನ ಎಲ್ಲಿ ಆಗಬೇಕು: ಸರಕು ಸಾಗಣೆಯಲ್ಲಿ ಸ್ವಯಂ ನಿಯಂತ್ರಣ

(ಕಲಬುರಗಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ದಾಲ್ ಮಿಲ್ ಮಾಲೀಕರು ಹಾಗೂ ಸಾಗಣೆ ಉದ್ಯಮದವರ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ವಿದ್ಯಾರ್ಥಿಗಳ ಜೊತೆಗೆ ದಾಲ್ ಮಿಲ್ ನಡೆಸುವವರು, ಅಡತ್ (ಕಮಿಷನ್ ಏಜೆಂಟ್) ಅಂಗಡಿಯವರು, ಲಾರಿ ಮಾಲೀಕರು ಈ ಸಭೆಯಲ್ಲಿ ಕೂತಿರುವುದರಿಂದ ಜರ್ಮನಿಯ ಪ್ರಯೋಗಶಾಲೆಗೆ ಆಮೇಲೆ ಹೋಗೋಣ, ಮೊದಲು ನಮ್ಮ ನೆಹರು ಗಂಜ್ ಮಾರುಕಟ್ಟೆಗೆ ಹೋಗಿ ಬರೋಣ. ಡಿಸೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ ನಮ್ಮ ಜಿಲ್ಲೆಯ ತೊಗರಿ ರಾಶಿಯಾಗಿ ಮಾರುಕಟ್ಟೆಗೆ ಬರುತ್ತದೆ. ಆಳಂದದ ಅಥವಾ ಜೇವರ್ಗಿಯ ಹೊಲದಿಂದ ಹೊರಟ ಒಂದು ಚೀಲ ತೊಗರಿ ಬೇಳೆಯಾಗಿ ಬೇರೆ ರಾಜ್ಯದ ಕಿರಾಣಿ ಅಂಗಡಿಯನ್ನು ಸೇರುವವರೆಗೆ ಎಷ್ಟು ಕಡೆ ನಿಲ್ಲುತ್ತದೆ, ಪ್ರತಿ ನಿಲುಗಡೆಯಲ್ಲಿ ಅದರ ಮುಂದಿನ ದಾರಿಯನ್ನು ಯಾರು ತೀರ್ಮಾನಿಸುತ್ತಾರೆ ಎಂದು ನೋಡಿ. ಯಾವ ದಿನ ಮಾಲು ತರಬೇಕೆಂಬುದು ರೈತನ ತೀರ್ಮಾನ. ಯಾವ ಅಡತ್ ಅಂಗಡಿಯ ಮುಂದೆ ಇಳಿಸಬೇಕೆಂಬುದನ್ನು ಬಹುಮಟ್ಟಿಗೆ ಹಳೆಯ ಸಾಲ ಮತ್ತು ನಂಬಿಕೆಗಳು ತೀರ್ಮಾನಿಸಿರುತ್ತವೆ. ಯಾವ ಲಾಟಿಗೆ ಎಷ್ಟು ದರ ಎಂಬುದು ಟೆಂಡರ್ ಹಾಕುವ ಖರೀದಿದಾರರ ಕೈಯಲ್ಲಿದೆ. ತೂಕವಾದ ಚೀಲಗಳಲ್ಲಿ ಯಾವುದು ಮೊದಲು ಲಾರಿ ಏರಬೇಕೆಂಬುದು ಹಮಾಲರ ಗುಂಪಿನ ಮುಖ್ಯಸ್ಥನಿಗೆ ಬಿಟ್ಟದ್ದು. ಯಾವ ರಸ್ತೆ ಹಿಡಿಯಬೇಕು, ಎಲ್ಲಿ ಡೀಸೆಲ್ ಹಾಕಿಸಬೇಕು ಎಂಬುದು ಚಾಲಕನದು. ಇಡೀ ದಾರಿಯನ್ನು ಮೇಲಿನಿಂದ ನೋಡುತ್ತ ಅಪ್ಪಣೆ ಕೊಡುವ ಒಬ್ಬ ಯೋಜಕ ಈ ವ್ಯವಸ್ಥೆಯಲ್ಲಿ ಎಲ್ಲಿಯೂ ಇಲ್ಲ. ಆದರೂ ಬೇಳೆ ಅಂಗಡಿ ಸೇರುತ್ತದೆ, ಅದೂ ಸಾಕಷ್ಟು ನಿಯಮಿತವಾಗಿ.

ಸಾಗಣೆಯಲ್ಲಿ ಸ್ವಯಂ ನಿಯಂತ್ರಣ ಎಂದ ಕೂಡಲೇ ಅನೇಕರಿಗೆ ಚಾಲಕನಿಲ್ಲದ ಲಾರಿ ನೆನಪಾಗುತ್ತದೆ. ಅದು ಈ ವಿಷಯದ ಒಂದು ಸಣ್ಣ ಮೂಲೆ. ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯವಾದ ಮೂಲೆಯೂ ಅಲ್ಲ. ಚಕ್ರ ತಿರುಗಿಸುವುದು ಯಾರು ಎಂಬುದಕ್ಕಿಂತ, ಈ ಸರಕು ಈಗ ಎಲ್ಲಿಗೆ, ಯಾವುದರ ಮೇಲೆ, ಯಾವ ಸರದಿಯಲ್ಲಿ ಹೋಗಬೇಕು ಎಂಬ ತೀರ್ಮಾನ ಎಲ್ಲಿ ಆಗುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ. ತೀರ್ಮಾನವನ್ನು ಮಾಹಿತಿ ಹುಟ್ಟುವ ಜಾಗಕ್ಕೆ ಹತ್ತಿರ ಒಯ್ದಷ್ಟೂ ವ್ಯವಸ್ಥೆ ಚುರುಕಾಗುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಆ ಮಿತಿ ಎಲ್ಲಿದೆ ಎಂಬುದನ್ನು ಅರ್ಧ ಗಣಿತ ಹೇಳುತ್ತದೆ, ಇನ್ನರ್ಧವನ್ನು ತಿಳಿಯಬೇಕಾದರೆ ತೀರ್ಮಾನಿಸುವ ಯಂತ್ರಕ್ಕೆ ಗುರಿಯನ್ನು ಬರೆದುಕೊಟ್ಟವರು ಯಾರೆಂದು ವಿಚಾರಿಸಬೇಕು.

ಎಲ್ಲವನ್ನೂ ಒಂದೇ ಕಚೇರಿಯಲ್ಲಿ ಕೂತು ಯೋಜಿಸಿದರೆ ಆಗದೇ ಎಂದು ಕೇಳುವುದು ಸಹಜ. ಇದಕ್ಕೆ ಪಠ್ಯಪುಸ್ತಕಗಳು ಕೊಡುವ ಉತ್ತರ ಒಂದು ಲೆಕ್ಕ. ಒಂದು ಲಾರಿ 10 ಅಂಗಡಿಗಳಿಗೆ ಮಾಲು ಇಳಿಸಬೇಕಾದರೆ ಅಂಗಡಿಗಳ ಸರದಿಯನ್ನು 36,28,800 ಬಗೆಯಲ್ಲಿ ಜೋಡಿಸಬಹುದು. ಅಂಗಡಿಗಳು 15 ಆದರೆ ಆ ಸಂಖ್ಯೆ ಸುಮಾರು 1.3 ಲಕ್ಷ ಕೋಟಿಯಾಗುತ್ತದೆ. ಈ ಲೆಕ್ಕ ಸರಿಯಾದದ್ದೇ, ಆದರೆ ಇದನ್ನು ಹೆದರಿಸಲು ಬಳಸುವುದು ನನಗೆ ಒಪ್ಪಿಗೆಯಿಲ್ಲ. ಎಲ್ಲ ಬಗೆಗಳನ್ನೂ ಎಣಿಸದೆ ಒಳ್ಳೆಯ ಸರದಿಯನ್ನು ಹುಡುಕುವ ವಿಧಾನಗಳು ಬಹಳ ಹಿಂದೆಯೇ ಸಿದ್ಧವಾಗಿವೆ, ಸಾವಿರಾರು ನಿಲುಗಡೆಗಳ ಲೆಕ್ಕವನ್ನೂ ಇಂದಿನ ಕಂಪ್ಯೂಟರುಗಳು ಚೆನ್ನಾಗಿ ಮಾಡುತ್ತವೆ. ನಿಜವಾದ ತೊಂದರೆ ಬೇರೆ. ಯೋಜನೆ ಸಿದ್ಧವಾಗಿ ಕೈಗೆ ಬರುವ ಹೊತ್ತಿಗೆ ಅದು ಯಾವ ಸಂಗತಿಗಳನ್ನು ಆಧರಿಸಿತ್ತೋ ಅವೇ ಬದಲಾಗಿರುತ್ತವೆ. ನಮ್ಮ ದಾಲ್ ಮಿಲ್ಲುಗಳನ್ನೇ ತೆಗೆದುಕೊಳ್ಳಿ. ತೊಗರಿಯನ್ನು ಸ್ವಚ್ಛ ಮಾಡಿ, ರೋಲರಿನಲ್ಲಿ ಸಿಪ್ಪೆಗೆ ಗೀರು ಹಾಕಿ, ಎಣ್ಣೆ ಸವರಿ, ಅಂಗಳದಲ್ಲಿ ಬಿಸಿಲಿಗೆ ಹರಡಿ, ಆಮೇಲೆ ಸಿಪ್ಪೆ ತೆಗೆದು ಒಡೆಯುವ ಸಾಂಪ್ರದಾಯಿಕ ಕ್ರಮದಲ್ಲಿ ಒಣಗುವ ಹಂತಕ್ಕೇ ಹಲವು ದಿನ ಬೇಕು. ಎರಡು ದಿನ ಮೋಡ ಮುಸುಕಿದರೆ ಆ ಮಿಲ್ಲಿನಿಂದ ಹೊರಡಬೇಕಿದ್ದ ಲಾರಿಯ ದಿನಾಂಕ ಮುಂದೆ ಹೋಗುತ್ತದೆ, ಅದರ ಹಿಂದೆ ಆ ಲಾರಿ ವಾಪಸು ತರಬೇಕಿದ್ದ ಸರಕಿನ ದಿನಾಂಕವೂ ಮುಂದೆ ಹೋಗುತ್ತದೆ. ಮೋಡದ ಸುದ್ದಿ ಮೊದಲು ತಿಳಿಯುವುದು ಅಂಗಳದಲ್ಲಿ ನಿಂತವನಿಗೆ. ಅವನಿಂದ ಕಚೇರಿಗೆ, ಕಚೇರಿಯಿಂದ ಯೋಜನೆಗೆ, ಯೋಜನೆಯಿಂದ ಚಾಲಕನಿಗೆ ಸುದ್ದಿ ಸುತ್ತಿ ಬರುವಷ್ಟರಲ್ಲಿ ಲಾರಿ ಗೇಟಿನಲ್ಲಿ ಬಂದು ನಿಂತಿರುತ್ತದೆ.

ಈ ಸಮಸ್ಯೆಯನ್ನು ವ್ಯವಸ್ಥಿತವಾಗಿ ಕೈಗೆತ್ತಿಕೊಂಡ ದೊಡ್ಡ ಸಂಶೋಧನೆಗಳಲ್ಲಿ ಒಂದು ಜರ್ಮನಿಯ ಬಂದರು ನಗರ ಬ್ರೆಮೆನ್‌ನಲ್ಲಿ ನಡೆಯಿತು. ಬ್ರೆಮೆನ್ ವಿಶ್ವವಿದ್ಯಾಲಯದಲ್ಲಿ ಬರ್ನ್ಡ್ ಶೋಲ್ಟ್ಸ್-ರೈಟರ್ ಅವರ ಮುಂದಾಳತ್ವದಲ್ಲಿ 2004ರಲ್ಲಿ ಆರಂಭವಾದ 637ನೆಯ ಸಹಯೋಗ ಸಂಶೋಧನಾ ಕೇಂದ್ರ 2012ರವರೆಗೆ ಕೆಲಸ ಮಾಡಿತು. ಎಂಜಿನಿಯರುಗಳು, ಗಣಿತಜ್ಞರು, ಕಂಪ್ಯೂಟರ್ ವಿಜ್ಞಾನಿಗಳು, ವ್ಯವಹಾರ ಶಾಸ್ತ್ರದವರು ಒಟ್ಟಿಗೆ ಕೂತು, ಪೊಟ್ಟಣ, ಕಂಟೇನರ್, ಲಾರಿ, ಯಂತ್ರ ಇವುಗಳೇ ತಮ್ಮ ಮುಂದಿನ ಹೆಜ್ಜೆಯನ್ನು ತೀರ್ಮಾನಿಸುವಂತಾದರೆ ಏನಾಗುತ್ತದೆ ಎಂದು ಪರೀಕ್ಷಿಸಿದರು. ಅವರು ಕಟ್ಟಿಕೊಂಡ ವ್ಯಾಖ್ಯಾನವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ತೀರ್ಮಾನ ಹಲವು ಕಡೆ ಹಂಚಿಹೋಗಿರಬೇಕು, ತೀರ್ಮಾನಿಸುವ ಘಟಕಗಳ ನಡುವೆ ಖಾಯಂ ಮೇಲು ಕೀಳುಗಳಿರಬಾರದು, ಅವು ಪರಸ್ಪರ ಮಾತಾಡಿಕೊಳ್ಳುತ್ತಿರಬೇಕು, ಪ್ರತಿಯೊಂದಕ್ಕೂ ಒಂದಕ್ಕಿಂತ ಹೆಚ್ಚು ಆಯ್ಕೆಗಳಿರಬೇಕು ಮತ್ತು ವ್ಯವಸ್ಥೆಯ ಮುಂದಿನ ಸ್ಥಿತಿಯನ್ನು ಮೊದಲೇ ಪೂರ್ತಿ ಹೇಳಲು ಬಾರದಂತಿರಬೇಕು. ಆ ಕೊನೆಯ ಷರತ್ತು ಅವರು ಸೇರಿಸಿದ ಅಲಂಕಾರವಲ್ಲ. ಮುಂದೆ ಆಗುವುದೆಲ್ಲ ಮೊದಲೇ ಗೊತ್ತಿದ್ದರೆ ಕೇಂದ್ರ ಯೋಜನೆಯೇ ಸಾಕು, ಇಷ್ಟು ಖಟಾಟೋಪವೇ ಬೇಕಿಲ್ಲ.

ಆ ಹೊತ್ತಿನಲ್ಲಿ ಇಂಥ ವಿಚಾರಕ್ಕೆ ಕಾಲ ಕೂಡಿ ಬಂದದ್ದಕ್ಕೆ ಕಾರಣಗಳಿವೆ. ರೇಡಿಯೋ ತರಂಗದಿಂದ ಗುರುತು ಹೇಳುವ ಆರ್‌ಎಫ್‌ಐಡಿ ಚೀಟಿ ಅಗ್ಗವಾಗಿತ್ತು, ಜಿಪಿಎಸ್ ಸಾಮಾನ್ಯವಾಗಿತ್ತು, ಮೊಬೈಲ್ ಜಾಲ ಹೆದ್ದಾರಿಗಳನ್ನು ತಲುಪಿತ್ತು. ಇವತ್ತು ಇವೆಲ್ಲ ನಮ್ಮಲ್ಲಿಯೂ ಇವೆ. 2021ರ ಫೆಬ್ರುವರಿ ಮಧ್ಯದಿಂದ ರಾಷ್ಟ್ರೀಯ ಹೆದ್ದಾರಿಯ ಟೋಲುಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್ ಇದೇ ಆರ್‌ಎಫ್‌ಐಡಿ ಚೀಟಿ. ನಮ್ಮ ಲಾರಿಗಳು ತಾವು ಯಾರೆಂದು ಈಗಾಗಲೇ ಯಂತ್ರಕ್ಕೆ ಹೇಳುತ್ತಿವೆ. ಆದರೆ ಆ ಹೇಳಿಕೆಯಿಂದ ಟೋಲ್ ಹಣ ಕತ್ತರಿಸುವುದರಾಚೆಗೆ ಹೆಚ್ಚೇನನ್ನೂ ನಾವು ಪಡೆಯುತ್ತಿಲ್ಲ.

ಬ್ರೆಮೆನ್ ತಂಡ ಪರೀಕ್ಷಿಸಿದ ಎರಡು ವಿಧಾನಗಳನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಈ ವಿಷಯದ ಸೂಕ್ಷ್ಮವೆಲ್ಲ ಅವುಗಳ ವ್ಯತ್ಯಾಸದಲ್ಲಿದೆ. ಒಂದೇ ಕೆಲಸ ಮಾಡುವ ಮೂರು ಯಂತ್ರಗಳು ಅಕ್ಕಪಕ್ಕ ಇವೆ ಎಂದುಕೊಳ್ಳಿ. ಮೊದಲ ವಿಧಾನದಲ್ಲಿ ಬರುವ ಸರಕು ಪ್ರತಿ ಯಂತ್ರವನ್ನೂ ಕೇಳುತ್ತದೆ: ನಿನ್ನ ಮುಂದೆ ಈಗ ಎಷ್ಟು ಕೆಲಸ ಕಾದಿದೆ, ನನ್ನ ಕೆಲಸಕ್ಕೆ ನಿನಗೆ ಎಷ್ಟು ಸಮಯ ಬೇಕು? ಎರಡನ್ನೂ ಕೂಡಿಸಿ, ಎಲ್ಲಿ ಬೇಗ ಮುಗಿಯುವುದೋ ಅಲ್ಲಿಗೆ ಹೋಗುತ್ತದೆ. ಎರಡನೆಯ ವಿಧಾನದ ಮೂಲ ಇರುವೆಗಳಲ್ಲಿದೆ. ಆಹಾರ ಸಿಕ್ಕ ದಾರಿಯಲ್ಲಿ ಇರುವೆಗಳು ಬಿಟ್ಟುಹೋಗುವ ವಾಸನೆಯ ಜಾಡನ್ನು ಹಿಂದಿನಿಂದ ಬರುವ ಇರುವೆಗಳು ಹಿಡಿಯುತ್ತವೆ, ಬಳಕೆ ತಪ್ಪಿದ ದಾರಿಯ ಜಾಡು ಆವಿಯಾಗಿ ಹೋಗುತ್ತದೆ. ಇದನ್ನು ದಾರಿ ಹುಡುಕುವ ಲೆಕ್ಕಕ್ಕೆ ಒಗ್ಗಿಸಿದವರು ಇಟಲಿಯ ಮಾರ್ಕೊ ಡೊರಿಗೊ, 1990ರ ದಶಕದ ಆರಂಭದಲ್ಲಿ. ಇದನ್ನು ಅನುಸರಿಸುವ ಸರಕು ಯಾವ ಯಂತ್ರವನ್ನೂ ಪ್ರಶ್ನಿಸುವುದಿಲ್ಲ. ತನಗಿಂತ ಮುಂಚೆ ಹೋದ ಸರಕುಗಳು ಯಾವ ಯಂತ್ರದಿಂದ ಎಷ್ಟು ಬೇಗ ಹೊರಬಂದವು ಎಂಬ ಅನುಭವದ ಸರಾಸರಿಯನ್ನು ನೋಡುತ್ತದೆ, ಹಳೆಯ ಅನುಭವಕ್ಕೆ ಕಡಿಮೆ ಬೆಲೆ ಕೊಡುತ್ತದೆ.

ಮೊದಲನೆಯದು ಮುಂದಿನ ಅಂದಾಜಿನ ಮೇಲೆ, ಎರಡನೆಯದು ಹಿಂದಿನ ಅನುಭವದ ಮೇಲೆ ನಿಂತಿದೆ. ಯಂತ್ರ ಹೇಳುವ ಸಮಯ ನಂಬಲರ್ಹವಾಗಿದ್ದರೆ ಮೊದಲನೆಯದು ಬೇಗ ಪ್ರತಿಕ್ರಿಯಿಸುತ್ತದೆ. ಆದರೆ ಯಂತ್ರಕ್ಕೇ ತನ್ನ ನಿಜಸ್ಥಿತಿ ಗೊತ್ತಿಲ್ಲದಿದ್ದರೆ, ಉದಾಹರಣೆಗೆ ಜರಡಿ ಬದಲಿಸಲು ಹಿಡಿಯುವ ಹೊತ್ತನ್ನು ಯಾರೂ ಲೆಕ್ಕಕ್ಕೆ ಸೇರಿಸಿಲ್ಲದಿದ್ದರೆ, ಅದು ಕೊಡುವ ಅಂದಾಜು ಸುಳ್ಳಾಗುತ್ತದೆ. ಅಲ್ಲಿ ಅನುಭವದ ಜಾಡು ಹೆಚ್ಚು ಸತ್ಯ ಹೇಳುತ್ತದೆ, ಏಕೆಂದರೆ ಲೆಕ್ಕಕ್ಕೆ ಸೇರದ ಹೊತ್ತೂ ಹೊರಬಂದ ಸಮಯದಲ್ಲಿ ಅಡಗಿರುತ್ತದೆ. ಅದರ ದೋಷ ನಿಧಾನ. ಯಂತ್ರ ಇದೀಗ ಕೆಟ್ಟಿತೆಂಬುದು ಜಾಡಿಗೆ ತಿಳಿಯಬೇಕಾದರೆ ಕೆಲವು ಸರಕುಗಳು ಅಲ್ಲಿ ಸಿಕ್ಕಿಬಿದ್ದು ತಡವಾಗಬೇಕು. ಲಾರಿ ತೂಗುವ ವೇ-ಬ್ರಿಡ್ಜಿನ ಸಾಲು ಎಷ್ಟು ಉದ್ದವಿದೆ ಎಂದು ಫೋನಿನಲ್ಲಿ ಕೇಳಿ ಹೊರಡುವ ಚಾಲಕ ಮತ್ತು ಆ ವೇ-ಬ್ರಿಡ್ಜಿನ ಕಡೆಗೆ ಸೋಮವಾರ ಹೋಗಲೇಬಾರದು ಎಂದು ತಿಳಿದಿರುವ ಹಳೆಯ ಚಾಲಕ, ಇಬ್ಬರನ್ನೂ ನೀವು ಕಂಡಿದ್ದೀರಿ. ಇಬ್ಬರ ತಿಳಿವಳಿಕೆಯೂ ಬೇಕು. ಎರಡನ್ನೂ ಬೆರೆಸುವ ಮಿಶ್ರ ವಿಧಾನಗಳ ಕಡೆಗೆ ಸಂಶೋಧನೆ ಸಾಗಿದ್ದಕ್ಕೆ ಇದೇ ಕಾರಣ.

ರಸ್ತೆ ಸಾಗಣೆಗೆ ಬ್ರೆಮೆನ್ ತಂಡ ಇಂಟರ್ನೆಟ್ಟಿನಿಂದ ಒಂದು ಯೋಚನೆಯನ್ನು ತಂದಿತು. ಇಂಟರ್ನೆಟ್ಟಿನಲ್ಲಿ ಸಂದೇಶ ತುಂಡುಗಳಾಗಿ ಹೋಗುತ್ತದೆ, ಮುಂದೆ ಯಾವ ಕಡೆಗೆ ಕಳಿಸಬೇಕೆಂಬುದನ್ನು ಪ್ರತಿ ಕೂಡುದಾಣವೂ ತಾನೇ ತೀರ್ಮಾನಿಸುತ್ತದೆ. ಅದೇ ರೀತಿಯಲ್ಲಿ ಪೊಟ್ಟಣವೂ ವಾಹನವೂ ಜಾಲದೊಳಗೆ ವಿಚಾರಣೆಯ ಸಂದೇಶ ಕಳಿಸುತ್ತವೆ; ಸಂದೇಶ ಹಾದುಹೋಗುವ ಪ್ರತಿ ಊರಿನ ಗೋದಾಮು ತನ್ನಲ್ಲಿರುವ ಕಾಯುವ ಹೊತ್ತು, ಬರಲಿರುವ ವಾಹನಗಳ ವಿವರಗಳನ್ನು ಅದಕ್ಕೆ ಸೇರಿಸುತ್ತದೆ; ಉತ್ತರವಾಗಿ ಬಂದ ಹಲವು ದಾರಿಗಳಲ್ಲಿ ಒಂದನ್ನು ಪೊಟ್ಟಣ ಆರಿಸಿ ಘೋಷಿಸುತ್ತದೆ. ಎಷ್ಟು ಪೊಟ್ಟಣಗಳು ಯಾವ ದಾರಿಯನ್ನು ಘೋಷಿಸಿವೆ ಎಂದು ನೋಡಿ ವಾಹನ ತನ್ನ ದಾರಿಯನ್ನು ಆರಿಸಿಕೊಳ್ಳುತ್ತದೆ. ಸಂದೇಶಕ್ಕೂ ಸರಕಿಗೂ ಇರುವ ವ್ಯತ್ಯಾಸವನ್ನು ಮಾತ್ರ ಮರೆಯಬಾರದು: ಕಳೆದುಹೋದ ಸಂದೇಶವನ್ನು ಇನ್ನೊಮ್ಮೆ ಕಳಿಸಬಹುದು, ಕಳೆದುಹೋದ ತೊಗರಿಯನ್ನು ಕಳಿಸಲಾಗದು, ಸಂದೇಶ ತಾನೇ ಓಡುತ್ತದೆ, ಚೀಲ ಓಡಬೇಕಾದರೆ ಲಾರಿ ಬೇಕು, ಲಾರಿ ಖಾಲಿ ವಾಪಸಾಗಬಾರದು.

ಬ್ರೆಮೆನ್‌ನಲ್ಲಿಯೇ ಬೆಳೆದ ಇಂಟೆಲಿಜೆಂಟ್ ಕಂಟೇನರ್ ಎಂಬ ಪ್ರಯೋಗ ಬೇಗ ಕೆಡುವ ಸರಕಿಗೆ ಸಂಬಂಧಿಸಿದ್ದು. ಮಧ್ಯ ಅಮೆರಿಕದಿಂದ ಯುರೋಪಿಗೆ ಹಡಗಿನಲ್ಲಿ ಬರುವ ಬಾಳೆಕಾಯಿಯನ್ನು ಸುಮಾರು 13 ರಿಂದ 14 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಕಂಟೇನರಿನ ಗೋಡೆಯ ಹತ್ತಿರದ ತಾಪಮಾನ ಸರಿಯಿದ್ದರೂ ಪೆಟ್ಟಿಗೆಗಳ ಒಳಗೆ ಅದು ಹೆಚ್ಚಿರಬಹುದು. ಪೆಟ್ಟಿಗೆಗಳ ನಡುವೆಯೇ ಸಂವೇದಕಗಳನ್ನಿಟ್ಟು, ಹಣ್ಣಾಗಲು ಇನ್ನೆಷ್ಟು ದಿನ ಉಳಿದಿದೆ ಎಂಬುದನ್ನು ಕಂಟೇನರಿನೊಳಗೇ ಲೆಕ್ಕ ಹಾಕಿ, ಮೊದಲು ಬಂದದ್ದನ್ನು ಮೊದಲು ಕಳಿಸುವ ಪದ್ಧತಿಯ ಬದಲು ಮೊದಲು ಕೆಡುವುದನ್ನು ಹತ್ತಿರದ ಮಾರುಕಟ್ಟೆಗೆ ಮೊದಲು ಕಳಿಸುವುದು ಇದರ ಉದ್ದೇಶ. ತೊಗರಿಗೆ ಇಷ್ಟು ಅವಸರವಿಲ್ಲ, ಆದರೂ ಬೆಂಬಲ ಬೆಲೆಯ ಖರೀದಿಯಲ್ಲಿ ತೇವಾಂಶ ಶೇ 12ನ್ನು ಮೀರಿದರೆ ಚೀಲ ವಾಪಸಾಗುತ್ತದೆ. ಬೀದರಿನ ಹಸಿ ಶುಂಠಿಗೆ ಈ ವಿಚಾರ ಇನ್ನೂ ನೇರವಾಗಿ ಅನ್ವಯಿಸುತ್ತದೆ.

ಯಂತ್ರಗಳ ಗದ್ದಲವೇ ಇಲ್ಲದೆ ಬರೀ ಒಂದು ನಿಯಮದಿಂದ ಸ್ವಯಂ ನಿಯಂತ್ರಣ ಸಾಧ್ಯವೆಂದು ತೋರಿಸಿದ ಒಂದು ಕೆಲಸ ನನಗೆ ವೈಯಕ್ತಿಕವಾಗಿ ಎಲ್ಲಕ್ಕಿಂತ ಇಷ್ಟ. ನಗರ ಸಾರಿಗೆಯಲ್ಲಿ ಅರ್ಧ ಗಂಟೆ ಒಂದೂ ಬಸ್ಸು ಬಾರದೆ, ಆಮೇಲೆ ಎರಡು ಮೂರು ಒಟ್ಟಿಗೆ ಬರುವುದು ನಮಗೆಲ್ಲ ಗೊತ್ತು. ಇದರಲ್ಲಿ ಚಾಲಕರ ತಪ್ಪು ಕಡಿಮೆ. ಸ್ವಲ್ಪ ತಡವಾದ ಬಸ್ಸಿಗೆ ನಿಲ್ದಾಣದಲ್ಲಿ ಹೆಚ್ಚು ಜನ ಕಾದಿರುತ್ತಾರೆ, ಅವರು ಹತ್ತುವಷ್ಟರಲ್ಲಿ ಅದು ಇನ್ನೂ ತಡವಾಗುತ್ತದೆ. ಹಿಂದಿನ ಬಸ್ಸಿಗೆ ಜನ ಕಡಿಮೆಯಾಗಿ ಅದು ಬೇಗ ಬಂದು ಮುಂದಿನದಕ್ಕೆ ಅಂಟಿಕೊಳ್ಳುತ್ತದೆ. ವೇಳಾಪಟ್ಟಿಯನ್ನು ಎಷ್ಟು ಬಿಗಿಗೊಳಿಸಿದರೂ ಈ ಪ್ರವೃತ್ತಿ ಹೋಗದು. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಜಾನ್ ಬಾರ್ಥೋಲ್ಡಿ ಮತ್ತು ಅವರ ಸಹಲೇಖಕ, ಷಿಕಾಗೊ ವಿಶ್ವವಿದ್ಯಾಲಯದ ಡೊನಾಲ್ಡ್ ಐಸೆನ್‌ಸ್ಟೈನ್ 2012ರಲ್ಲಿ ಪ್ರಕಟಿಸಿದ ಪರಿಹಾರದಲ್ಲಿ ವೇಳಾಪಟ್ಟಿಯನ್ನೇ ಬಿಟ್ಟುಕೊಡಲಾಗಿದೆ. ಮಾರ್ಗದ ಒಂದು ಕೊನೆಯಲ್ಲಿ ಬಸ್ಸು ಬಂದಾಗ, ತನ್ನ ಹಿಂದಿನ ಬಸ್ಸು ಎಷ್ಟು ನಿಮಿಷ ದೂರದಲ್ಲಿದೆ ಎಂದು ನೋಡಿ, ಆ ಹೊತ್ತಿನ ಒಂದು ನಿಗದಿತ ಪಾಲಿನಷ್ಟು ಕಾದು ಹೊರಡಬೇಕು. ಅಷ್ಟೇ. ಅಂತರಗಳು ತಾವಾಗಿಯೇ ಸಮವಾಗುತ್ತ ಬರುತ್ತವೆ. ನಡುವೆ ಒಂದು ಬಸ್ಸು ಕೆಟ್ಟು ನಿಂತರೂ ಉಳಿದವು ಹೊಸ ಅಂತರಕ್ಕೆ ಹೊಂದಿಕೊಳ್ಳುತ್ತವೆ. ಜಾರ್ಜಿಯಾ ಟೆಕ್‌ನ ಬಸ್ ಮಾರ್ಗದಲ್ಲೇ ಇದನ್ನು ಓಡಿಸಿ ನೋಡಿದರು. ಕಲಬುರಗಿಯ ನಗರ ಬಸ್ಸುಗಳಿಗೆ ಇದನ್ನು ಅಳವಡಿಸಲು ಬೇಕಾದದ್ದು ನಿರ್ವಾಹಕರ ಕೈಯಲ್ಲಿ ಒಂದು ಫೋನು, ಮತ್ತು ವೇಳೆಗೆ ಹೊರಡಲಿಲ್ಲವೆಂದು ಅವರಿಗೆ ಮೆಮೊ ಕೊಡದಿರುವ ಒಂದು ಆಡಳಿತ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ ಎಲ್ಲವನ್ನೂ ಸರಕಿಗೂ ವಾಹನಕ್ಕೂ ಬಿಟ್ಟುಬಿಡಬಹುದು ಎನಿಸಿದರೆ, ಈಗ ಅದರ ಇನ್ನೊಂದು ಮುಖವನ್ನು ನೋಡಬೇಕು. ಮೊದಲ ತೊಂದರೆಯನ್ನು ಗಂಜಿನವರಿಗೆ ವಿವರಿಸಬೇಕಾಗಿಲ್ಲ. ತೊಗರಿ ದರ ಏರಿದೆ ಎಂಬ ಸುದ್ದಿ ವಾಟ್ಸಾಪಿನಲ್ಲಿ ಹರಿದಾಡಿದ ಮರುದಿನ ಎಲ್ಲ ಟ್ರ್ಯಾಕ್ಟರುಗಳೂ ಒಟ್ಟಿಗೆ ಬಂದು ಗೇಟಿನ ಹೊರಗೆ ನಿಲ್ಲುತ್ತವೆ, ಆವಕ ಹೆಚ್ಚಾಗಿ ದರ ಇಳಿಯುತ್ತದೆ. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಸರಿಯಾದ ತೀರ್ಮಾನವನ್ನೇ ಮಾಡಿದ್ದಾರೆ. ಒಂದೇ ಮಾಹಿತಿಯನ್ನು ಒಂದೇ ಹೊತ್ತಿನಲ್ಲಿ ಎಲ್ಲರೂ ನಂಬಿದ್ದೇ ತೊಡಕು. ಸ್ವಯಂ ನಿಯಂತ್ರಿತ ವ್ಯವಸ್ಥೆಯಲ್ಲಿ ಸರಕುಗಳೂ ಹೀಗೆಯೇ ಕಡಿಮೆ ಸಾಲಿನ ಕಡೆಗೆ ಒಟ್ಟಾಗಿ ನುಗ್ಗಿ, ಅಲ್ಲಿ ಸಾಲು ಬೆಳೆದಾಗ ಇನ್ನೊಂದು ಕಡೆಗೆ ಒಟ್ಟಾಗಿ ಓಡಿ, ಎರಡೂ ಕಡೆ ತೂಗಾಡುತ್ತಿರುತ್ತವೆ. ಎಲ್ಲರೂ ಒಂದೇ ನಿಯಮ ಪಾಲಿಸದಂತೆ ತೀರ್ಮಾನದಲ್ಲಿ ಕೊಂಚ ಆಕಸ್ಮಿಕತೆಯನ್ನು ಬೆರೆಸುವುದು, ಅಥವಾ ಬರುವವರು ತಮ್ಮ ಸರದಿಯನ್ನು ಮುಂಚಿತವಾಗಿ ಘೋಷಿಸುವಂತೆ ಮಾಡುವುದು ಇದಕ್ಕೆ ತಕ್ಕ ಮದ್ದು.

ಎರಡನೆಯ ತೊಂದರೆ ಇದಕ್ಕಿಂತ ಆಳವಾದದ್ದು. ಜರ್ಮನ್ ಗಣಿತಜ್ಞ ಡೀಟ್ರಿಶ್ ಬ್ರೆಸ್ 1968ರಲ್ಲಿ ತೋರಿಸಿಕೊಟ್ಟ ವಿರೋಧಾಭಾಸ ಅದು. ಒಂದು ಊರಿನಿಂದ ಇನ್ನೊಂದಕ್ಕೆ 4,000 ವಾಹನಗಳು ಹೋಗಬೇಕು, ಎರಡು ದಾರಿಗಳಿವೆ. ಒಂದು ದಾರಿಯ ಮೊದಲ ಭಾಗ ಇಕ್ಕಟ್ಟಾದ ರಸ್ತೆ, ಅದರಲ್ಲಿ ಹೋಗುವ ವಾಹನಗಳ ಸಂಖ್ಯೆಯನ್ನು 100ರಿಂದ ಭಾಗಿಸಿದಷ್ಟು ನಿಮಿಷ ಹಿಡಿಯುತ್ತದೆ. ಎರಡನೆಯ ಭಾಗ ಅಗಲವಾದ ಸುತ್ತು ರಸ್ತೆ, ಎಷ್ಟೇ ವಾಹನಗಳಿದ್ದರೂ 45 ನಿಮಿಷ. ಇನ್ನೊಂದು ದಾರಿಯಲ್ಲಿ ಇದೇ ಎರಡು ಭಾಗಗಳು ಅದಲು ಬದಲಾಗಿವೆ. ವಾಹನಗಳು ಸಮನಾಗಿ ಹಂಚಿಕೊಂಡರೆ ಪ್ರತಿಯೊಬ್ಬರಿಗೂ 20 ಮತ್ತು 45 ಕೂಡಿ 65 ನಿಮಿಷ. ಈಗ ಸರ್ಕಾರ ಒಳ್ಳೆಯ ಮನಸ್ಸಿನಿಂದಲೇ ಎರಡು ದಾರಿಗಳ ನಡುಬಿಂದುಗಳನ್ನು ಸೇರಿಸುವ ಒಂದು ಸೇತುವೆ ಕಟ್ಟುತ್ತದೆ. ಅದನ್ನು ದಾಟಲು ಹಿಡಿಯುವ ಹೊತ್ತು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಇಕ್ಕಟ್ಟಿನ ರಸ್ತೆ ಎಷ್ಟು ತುಂಬಿದರೂ 40 ನಿಮಿಷಕ್ಕಿಂತ ಹೆಚ್ಚು ಹಿಡಿಯದು, ಅದು 45ಕ್ಕಿಂತ ಕಡಿಮೆ. ಆದ್ದರಿಂದ ಪ್ರತಿ ಚಾಲಕನೂ ಎರಡೂ ಇಕ್ಕಟ್ಟಿನ ರಸ್ತೆಗಳನ್ನು ಸೇತುವೆಯ ಮೂಲಕ ಸೇರಿಸಿಕೊಂಡು ಹೋಗುತ್ತಾನೆ. ಎಲ್ಲರಿಗೂ 80 ನಿಮಿಷವಾಗುತ್ತದೆ. ಹಳೆಯ ದಾರಿಗೆ ಒಬ್ಬನೇ ಮರಳಿದರೆ ಅವನಿಗೆ 85 ನಿಮಿಷ, ಹಾಗಾಗಿ ಯಾರೂ ಮರಳುವುದಿಲ್ಲ. ಹೊಸ ಸೇತುವೆ ಬಂದು ಎಲ್ಲರ ಪ್ರಯಾಣವೂ 15 ನಿಮಿಷ ಉದ್ದವಾಯಿತು, ಯಾರೊಬ್ಬನೂ ಮೂರ್ಖತನ ಮಾಡದೆ! ತನ್ನ ಸಮಯವನ್ನಷ್ಟೇ ನೋಡುವ ಲಾರಿಗಳನ್ನು ಎಷ್ಟು ಚತುರವಾಗಿ ರೂಪಿಸಿದರೂ ಅವು ಈ ಬಲೆಯಿಂದ ಹೊರಬರಲಾರವು. ಯಾರಾದರೂ ಒಬ್ಬರು ಮೊತ್ತವನ್ನು ನೋಡಬೇಕು, ಸೇತುವೆಗೆ ಸುಂಕವನ್ನೋ ಸರದಿಯನ್ನೋ ಹಾಕಬೇಕು.

ಹಾಗಾದರೆ ಎಷ್ಟನ್ನು ಕೆಳಗೆ ಬಿಡಬೇಕು, ಎಷ್ಟನ್ನು ಮೇಲೆ ಇಟ್ಟುಕೊಳ್ಳಬೇಕು? ಬ್ರೆಮೆನ್ ತಂಡದ ಊಹೆಯ ಪ್ರಕಾರ, ವ್ಯವಸ್ಥೆ ಸರಳವಾಗಿದ್ದಾಗ ಸ್ವಯಂ ನಿಯಂತ್ರಣದಿಂದ ಹೆಚ್ಚು ಪ್ರಯೋಜನವಿಲ್ಲ, ಜಟಿಲವಾದಂತೆ ಪ್ರಯೋಜನ ಏರುತ್ತದೆ. ಆದರೆ ಯಾವ ಜಟಿಲತೆಯಲ್ಲಿಯೂ ಸ್ವಾತಂತ್ರ್ಯವನ್ನು ಪೂರ್ತಿ ಬಿಟ್ಟರೆ ಫಲಿತಾಂಶ ಮತ್ತೆ ಇಳಿಯುತ್ತದೆ. ಸಂಚಾರ ದೀಪಗಳ ಮೇಲೆ ಸ್ಟೆಫಾನ್ ಲೆಮ್ಮರ್ ಮತ್ತು ಡಿರ್ಕ್ ಹೆಲ್ಬಿಂಗ್ 2008ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಸ್ಪಷ್ಟ ರೂಪ ಕೊಟ್ಟಿತು. ಅವರ ಕ್ರಮದಲ್ಲಿ ಪ್ರತಿ ವೃತ್ತದ ದೀಪವೂ ತನ್ನ ಕಡೆಗೆ ಬರುತ್ತಿರುವ ವಾಹನಗಳನ್ನು ಎಣಿಸಿ, ಒಟ್ಟು ಕಾಯುವ ಹೊತ್ತು ಕಡಿಮೆಯಾಗುವಂತೆ ಹಸಿರನ್ನು ಹಂಚುತ್ತದೆ. ದಟ್ಟಣೆ ಕಡಿಮೆಯಿದ್ದಾಗ ಇದು ಚೆನ್ನಾಗಿ ನಡೆಯುತ್ತದೆ, ದಟ್ಟಣೆ ಏರಿದಾಗ ಯಾವುದೋ ಒಂದು ಅಡ್ಡರಸ್ತೆಯನ್ನು ಮರೆತುಬಿಟ್ಟು ಅಲ್ಲಿ ಸಾಲು ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ಅವರು ಎರಡನೆಯ ನಿಯಮವೊಂದನ್ನು ಸೇರಿಸಿದರು: ಯಾವುದೇ ರಸ್ತೆಯ ಸಾಲು ಒಂದು ಮಟ್ಟ ಮುಟ್ಟಿದ ಕೂಡಲೇ ಉಳಿದ ಲೆಕ್ಕವನ್ನೆಲ್ಲ ಬದಿಗಿಟ್ಟು ಆ ರಸ್ತೆಗೆ ಹಸಿರು ಕೊಡಬೇಕು. ದಿನದ ಹೆಚ್ಚು ಹೊತ್ತು ಈ ನಿಯಮ ಸುಮ್ಮನಿರುತ್ತದೆ.

ಈ ಎರಡು ಪದರಗಳ ಏರ್ಪಾಡು ನಮ್ಮ ಜಿಲ್ಲೆಯಲ್ಲಿ ಬಹಳ ಕಾಲದಿಂದ ನಡೆಯುತ್ತಿದೆ, ನಾವು ಅದನ್ನು ಈ ದೃಷ್ಟಿಯಿಂದ ನೋಡಿಲ್ಲ. ಮಧ್ಯ ರೈಲ್ವೆ ಮತ್ತು ದಕ್ಷಿಣ ಮಧ್ಯ ರೈಲ್ವೆ ಕೂಡುವ ವಾಡಿ ಜಂಕ್ಷನ್ನಿನಲ್ಲಿ ಸಿಮೆಂಟಿನ ಗೂಡ್ಸ್ ರೇಕುಗಳೂ ದೂರದ ಎಕ್ಸ್‌ಪ್ರೆಸ್ಸುಗಳೂ ಒಂದೇ ಹಳಿಗಾಗಿ ಕಾಯುತ್ತವೆ. ಯಾವ ಗಾಡಿಯನ್ನು ತಡೆದು ಯಾವುದನ್ನು ಮುಂದೆ ಬಿಡಬೇಕೆಂಬುದನ್ನು ದೂರದ ವಿಭಾಗೀಯ ಕಚೇರಿಯಲ್ಲಿ ಕೂತ ಸೆಕ್ಷನ್ ಕಂಟ್ರೋಲರ್ ಹೇಳುತ್ತಾರೆ. ಅವರ ಕಣ್ಣಿರುವುದು ಇಡೀ ಮಾರ್ಗದ ಮೊತ್ತದ ಮೇಲೆ. ಆದರೆ ಅಬ್ಸಲ್ಯೂಟ್ ಬ್ಲಾಕ್ ಪದ್ಧತಿಯ ಮಾರ್ಗದಲ್ಲಿ, ಮುಂದಿನ ನಿಲ್ದಾಣದ ಸ್ಟೇಷನ್ ಮಾಸ್ಟರ್ ಲೈನ್ ಕ್ಲಿಯರ್ (ಗಾಡಿ ಬರಲು ಒಪ್ಪಿಗೆ) ಕೊಡದೆ ಈ ನಿಲ್ದಾಣದಿಂದ ಗಾಡಿ ಹೊರಡುವಂತಿಲ್ಲ, ಮುಂಚೆ ಹೊರಟ ಗಾಡಿ ಪೂರ್ತಿಯಾಗಿ ಬಂದು ಸೇರದೆ ಅವರು ಲೈನ್ ಕ್ಲಿಯರ್ ಕೊಡುವಂತಿಲ್ಲ. ಕಂಟ್ರೋಲರ್ ಎಷ್ಟೇ ಅವಸರ ಮಾಡಿದರೂ ಈ ನಿರಾಕರಣೆಯನ್ನು ಮೀರುವ ಅಧಿಕಾರ ಅವರಿಗಿಲ್ಲ. ಅಂದರೆ ಸುರಕ್ಷತೆಯ ತೀರ್ಮಾನ ಸ್ಥಳದಲ್ಲಿ, ಸರದಿಯ ತೀರ್ಮಾನ ಕೇಂದ್ರದಲ್ಲಿ. ನನ್ನನ್ನು ಕೇಳಿದರೆ, ಸ್ವಯಂ ನಿಯಂತ್ರಣದ ಬಗ್ಗೆ ಓದುವ ವಿದ್ಯಾರ್ಥಿಗಳು ಅಮೆಜಾನ್ ಗೋದಾಮಿನ ರೋಬಾಟುಗಳ ವಿಡಿಯೋ ನೋಡುವ ಮೊದಲು ಒಂದು ಸ್ಟೇಷನ್ನಿನಲ್ಲಿ ಕೂತು ಈ ಕೆಲಸವನ್ನು ನೋಡುವುದು ಒಳ್ಳೆಯದು.

ಇನ್ನು ಕಾನೂನಿನ ಕಡೆಗೆ ಬರೋಣ. ಸೇಡಂನಿಂದ ಸಿಮೆಂಟ್ ಹೊತ್ತು ಹೊರಟ ಲಾರಿ ದಾರಿಯಲ್ಲಿದ್ದಾಗ ಕೊಳ್ಳುವವನ ಗೋದಾಮು ತುಂಬಿದೆ, ಬೇರೆ ಊರಿನಲ್ಲಿ ಬೇಡಿಕೆ ಇದೆ ಎಂದು ತಿಳಿಯಿತು ಎನ್ನಿ. ಸ್ವಯಂ ನಿಯಂತ್ರಿತ ಸರಕು ತಕ್ಷಣ ಅತ್ತ ತಿರುಗಬೇಕು. ಆದರೆ 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಜಾರಿಯಾದ ಇ-ವೇ ಬಿಲ್ಲಿನಲ್ಲಿ, ಅಂದರೆ ಸರಕಿನ ಜೊತೆಗಿರಬೇಕಾದ ಜಿಎಸ್‌ಟಿ ದಾಖಲೆಯಲ್ಲಿ, ಎರಡು ಭಾಗಗಳಿವೆ. ವಾಹನದ ಸಂಖ್ಯೆಯಿರುವ ಬಿ ಭಾಗವನ್ನು ದಾರಿಯಲ್ಲಿ ಬದಲಿಸಬಹುದು. ಸರಕು, ಮೌಲ್ಯ, ತಲುಪಬೇಕಾದ ಸ್ಥಳ ಇರುವ ಎ ಭಾಗವನ್ನು ತಿದ್ದುವಂತಿಲ್ಲ, ತಪ್ಪಿದ್ದರೆ 24 ಗಂಟೆಯೊಳಗೆ ರದ್ದುಪಡಿಸಿ ಹೊಸದನ್ನೇ ಮಾಡಬೇಕು. ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ. ನಮ್ಮ ಕಾನೂನು ವಾಹನ ಬದಲಿಸುವ ಸ್ವಾತಂತ್ರ್ಯವನ್ನು ಕೊಟ್ಟಿದೆ, ಗಮ್ಯ ಬದಲಿಸುವ ಸ್ವಾತಂತ್ರ್ಯವನ್ನು ಕೊಟ್ಟಿಲ್ಲ. ತೆರಿಗೆ ವಂಚನೆ ತಡೆಯಲು ಅದು ಬೇಕೆಂಬುದೂ ನಿಜ. ಹಾಗಾಗಿ ಇಲ್ಲಿ ಸಾಫ್ಟ್‌ವೇರ್ ಬರೆಯುವವರು ಆರಂಭದಲ್ಲಿಯೇ ತಮ್ಮ ಆಯ್ಕೆಗಳನ್ನು ಈ ಎರಡು ಭಾಗಗಳ ನಡುವಿನ ಗೆರೆಯೊಳಗೆ ಇಟ್ಟುಕೊಳ್ಳಬೇಕು.

ಗುರಿಯ ಪ್ರಶ್ನೆ ಉಳಿದಿದೆ. ಸರಕು ತಾನೇ ತೀರ್ಮಾನಿಸುತ್ತದೆ ಎನ್ನುವಾಗ ಅದರೊಳಗೆ ಯಾರೋ ಬರೆದಿಟ್ಟ ಗುರಿಯೊಂದು ತೀರ್ಮಾನಿಸುತ್ತಿರುತ್ತದೆ. ತೊಗರಿ ಚೀಲಕ್ಕೆ ರೈತ ಗುರಿ ಬರೆದರೆ ಅದು ದರ ಹೆಚ್ಚಿರುವ ಮಾರುಕಟ್ಟೆಯನ್ನು ಹುಡುಕುತ್ತದೆ, ಮಿಲ್ ಮಾಲೀಕ ಬರೆದರೆ ಬೇಗ ಒಣಗುವ ಅಂಗಳವನ್ನು ಹುಡುಕುತ್ತದೆ, ಸಾಗಣೆದಾರ ಬರೆದರೆ ವಾಪಸಿ ಬಾಡಿಗೆ ಸಿಗುವ ಊರನ್ನು ಹುಡುಕುತ್ತದೆ. ಗಂಟೆಗಟ್ಟಲೆ ಗೇಟಿನಲ್ಲಿ ಕಾಯುವ ಚಾಲಕನ ಹೊತ್ತಿಗೆ ಇವತ್ತು ಯಾರ ಲೆಕ್ಕದಲ್ಲಿಯೂ ಬೆಲೆಯಿಲ್ಲ. ಅದನ್ನು ಸೇರಿಸದೆ ಬರೆದ ನಿಯಮ ಯಾವಾಗಲೂ ಅವನನ್ನೇ ಕಾಯಿಸುತ್ತದೆ, ಏಕೆಂದರೆ ಅಲ್ಲಿ ಖರ್ಚು ಸೊನ್ನೆ. ಚೀಲ ಹೊರುವವರ ವಿಶ್ರಾಂತಿಯ ವಿಷಯದಲ್ಲಿಯೂ ಇದೇ ಆಗುತ್ತದೆ.

ಇಲ್ಲಿ ಎಲ್ಲಿಂದ ಆರಂಭಿಸಬಹುದು ಎಂದು ನೀವು ಕೇಳಬಹುದು. ಸುಗ್ಗಿಯ ಕಾಲದಲ್ಲಿ ಮಾರುಕಟ್ಟೆಯ ಗೇಟಿನ ಸಾಲು ಇದಕ್ಕೆ ತಕ್ಕ ಜಾಗ. ಹೊಲದಿಂದ ಹೊರಡುವ ಮೊದಲು ಪ್ರತಿ ವಾಹನವೂ ತಾನು ಬರುವ ಹೊತ್ತನ್ನು ಘೋಷಿಸಲಿ. ಆ ಹೊತ್ತಿಗೆ ಎಷ್ಟು ವಾಹನಗಳು ಘೋಷಿಸಿವೆ ಎಂಬುದು ಎಲ್ಲರಿಗೂ ಕಾಣಲಿ. ಬೇರೆ ಹೊತ್ತನ್ನು ಆರಿಸುವುದು ಬಿಡುವುದು ಅವರವರಿಗೆ ಸೇರಿದ್ದು. ಅದರ ಮೇಲೆ ಒಂದೇ ಒಂದು ಮೇಲುನಿಯಮ ಇರಲಿ: ಯಾವ ವಾಹನವೂ ನಿಗದಿಪಡಿಸಿದಷ್ಟು ಗಂಟೆಗಿಂತ ಹೆಚ್ಚು ಕಾಯಬಾರದು, ಆ ಮಿತಿ ಮುಟ್ಟಿದ ವಾಹನಕ್ಕೆ ಉಳಿದ ಸರದಿಯನ್ನು ಮುರಿದು ದಾರಿ ಬಿಡಬೇಕು. ಇದಕ್ಕೆ ಸಂವೇದಕಗಳೂ ಬೇಡ, ದೊಡ್ಡ ಟೆಂಡರೂ ಬೇಡ. ಒಂದು ಸುಗ್ಗಿಯ ಗೇಟ್ ಪ್ರವೇಶದ ದಾಖಲೆಗಳನ್ನಿಟ್ಟುಕೊಂಡು ವಿದ್ಯಾರ್ಥಿಗಳು ಮೊದಲು ಕಂಪ್ಯೂಟರಿನಲ್ಲಿ ಓಡಿಸಿ ನೋಡಬಹುದು. ಎಷ್ಟು ಜನ ಘೋಷಿಸಿದ ಹೊತ್ತಿಗೆ ಬರದೆ ಹೋದರೆ ಈ ಕ್ರಮ ಕುಸಿಯುತ್ತದೆ ಎಂಬುದನ್ನೂ ಆಗಲೇ ಕಂಡುಹಿಡಿಯಬೇಕು.

ಸಭೆಯ ಕೊನೆಯಲ್ಲಿ ಒಬ್ಬ ಲಾರಿ ಮಾಲೀಕರು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ಸರ್, ದಾರಿಯನ್ನು ಯಂತ್ರ ತೀರ್ಮಾನಿಸಿ ಮಾಲು ಹಾಳಾದರೆ ದಂಡ ಯಾರು ಕಟ್ಟಬೇಕು ಎಂದು ಅವರು ಕೇಳಿದರು. 1865ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಸರಕಿನ ನಷ್ಟಕ್ಕೆ ಹೊಣೆ ನೋಂದಾಯಿತ ಸಾಗಣೆದಾರ. ಕಳಿಸುವವನು ಹೆಚ್ಚಿನ ಮೌಲ್ಯವನ್ನು ಘೋಷಿಸಿರದಿದ್ದರೆ ಆ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ದಾರಿಯನ್ನು ಚಾಲಕ ಆರಿಸಿದನೇ, ಫೋನು ಆರಿಸಿತೇ, ಚೀಲವೇ ಆರಿಸಿತೇ ಎಂದು ಈ ಕಾಯ್ದೆ ಕೇಳುವುದಿಲ್ಲ. ಆದ್ದರಿಂದ ಇಂಥ ಸಾಫ್ಟ್‌ವೇರ್ ಕೊಳ್ಳುವ ಸಾಗಣೆದಾರರು, ತೀರ್ಮಾನ ಯಾವ ಹೊತ್ತಿನಲ್ಲಿ, ಯಾವ ಮಾಹಿತಿಯ ಮೇಲೆ, ಯಾವ ಗುರಿಗಾಗಿ ಆಯಿತು ಎಂಬ ದಾಖಲೆ ತಮ್ಮ ಕೈಗೂ ಸಿಗಬೇಕೆಂದು ಮಾರುವವರ ಜೊತೆಗಿನ ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು ಎಂದು ಅವರಿಗೆ ಹೇಳಿದೆ.